ಮೊಣಕಾಲಿನ ನಿಯಮ

ಮೇಜಿನ ಮೇಲೆ ಹರಡಿ ಆಡುವ ಆಟಗಳ ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಆಟವೊಂದನ್ನು ಅಚ್ಚಿಗೆ ಕಳಿಸುವ ಮೊದಲು, ಅದರ ಗಂಧಗಾಳಿಯೂ ಇಲ್ಲದ ನಾಲ್ಕು ಜನರನ್ನು ಹೊರಗಿನಿಂದ ಕರೆಸಿ, ಕೈಗೆ ನಿಯಮಪುಸ್ತಕ ಕೊಟ್ಟು, ಆಡಿ ಎಂದು ಕೂರಿಸುತ್ತಿದ್ದರು. ಆಟ ಕಟ್ಟಿದವರು ಅದೇ ಕೋಣೆಯ ಮೂಲೆಯಲ್ಲಿ ಕೂತು ನೋಡಬಹುದು, ತುಟಿಪಿಟಿಕ್ ಅನ್ನುವಂತಿಲ್ಲ. ಆದರೆ ತಾನು ಹೆತ್ತ ಆಟವನ್ನು ಬೇರೆಯವರು ತಪ್ಪಾಗಿ ಆಡುವುದನ್ನು ನೋಡುತ್ತ ಸುಮ್ಮನಿರುವುದು ಯಾರಿಂದಲೂ ಆಗದ ಕೆಲಸ. ಆದ್ದರಿಂದ ಹಲ್ಲುಗಳ ನಡುವೆ ಆಟದ ಒಂದು ಮರದ ಕಾಯಿ ಕಚ್ಚಿಕೊಂಡು ಕೂರಬೇಕು. ಇದಕ್ಕೆ ಮೂಕ ಪರೀಕ್ಷೆ ಎಂದು ಹೆಸರು. ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಪ್ರತಿಯೊಬ್ಬರ ಮೇಜಿನ ಮೇಲೂ ಹಲ್ಲಿನ ಗುರುತು ಬಿದ್ದ ಒಂದೊಂದು ಕಾಯಿ ಇರುತ್ತಿತ್ತು. ಕಾಯ್ದೆಕ್ಕನ ಕಾಯಿ ಒಬ್ಬ ಪುಟ್ಟ ಕಲ್ಲುಕುಟಿಗ. ಆರು ಪರೀಕ್ಷೆಗಳಲ್ಲಿ ಅವನ ಸೊಂಟ ಸವೆದು ಕಡ್ಡಿಯಾಗಿತ್ತು.

ಕಾಯ್ದೆಕ್ಕ ಅನ್ನುವುದು ಸಹೋದ್ಯೋಗಿಗಳು ಇಟ್ಟ ಹೆಸರು. ಊಟದ ಡಬ್ಬಿ ಯಾರು ಮೊದಲು ತೆರೆಯಬೇಕು ಅನ್ನುವುದಕ್ಕೂ ಇವಳು ನಿಯಮ ಬರೆದಾಳು ಎಂದು ಚಿತ್ರ ಬರೆಯುವವನು ಛೇಡಿಸಿದ್ದೇ ಆ ಹೆಸರು ಅಂಟಿಕೊಂಡಿತು. ಅವಳು ತನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಓದಿದ್ದು ಇತಿಹಾಸ. ಇತಿಹಾಸ ಓದಿ ಏನು ಮಾಡ್ತೀಯ ಎಂದು ಕೇಳಿದ ನೆಂಟರಿಗೆಲ್ಲ, ಹಳೆಯ ಕಾಲದ ಅರಸರ ಆಟ ಕಟ್ಟುವ ಕಾರ್ಖಾನೆಯಲ್ಲಿ ನಿಯಮ ಬರೆಯುತ್ತೇನೆ ಎಂದು ಹೇಳುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಿದ್ದರು.

ಆಗ ಕಟ್ಟುತ್ತಿದ್ದ ಆಟ ದೊಡ್ಡದು. ನಾಲ್ಕು ಅರಸರು, ಮೂವತ್ತೆರಡು ಊರು. ಕೋಟೆ, ಸೈನ್ಯ, ಸಂತೆ ಎಲ್ಲ ಮುಗಿದಿತ್ತು. ಧರ್ಮದ ಭಾಗ ಮಾತ್ರ ಉಳಿದಿತ್ತು, ಅದು ಇವಳ ಪಾಲಿಗೆ ಬಂದಿತ್ತು. ಬೇರೆ ಆಟಗಳಲ್ಲಿ ಧರ್ಮದ್ರೋಹವೆಂದರೆ ನಕ್ಷೆಯ ಮೇಲೆ ಒಂದು ಕೆಂಪು ಬಿಲ್ಲೆ. ಬಿಲ್ಲೆ ಬಿತ್ತು, ಸೈನ್ಯ ಹೋಯಿತು, ಬಿಲ್ಲೆ ಎತ್ತಿತು, ಮುಗಿಯಿತು. ಕಾಯ್ದೆಕ್ಕನಿಗೆ ಅದು ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಧರ್ಮದ್ರೋಹ ಹೇಗೆ ಹುಟ್ಟುತ್ತದೆ ಅನ್ನುವುದು ಅವಳಿಗೆ ಪುಸ್ತಕಕ್ಕಿಂತ ಮೊದಲು ಮನೆಯಲ್ಲೇ ಗೊತ್ತಿತ್ತು.

ಅವಳ ಅಜ್ಜನಿಗೆ ಮೊಣಕಾಲು ನೋವು. ಊರಿನ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೂ ನಿಂತುಕೊಂಡೇ ಪ್ರಾರ್ಥನೆ ಮಾಡುವುದು ರೂಢಿ. ಒಂದು ದಿನ ಅಜ್ಜ ತಡೆಯಲಾರದೆ ಕಲ್ಲಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಎಲ್ಲರೂ ನಿಂತಿರುವಾಗ ನೀನ್ಯಾಕೆ ಕೂತೆ ಎಂದು ಹಿರಿಯನೊಬ್ಬ ಎಲ್ಲರೆದುರು ಕೇಳಿದ. ಮೊಣಕಾಲು ನೋವು ಎಂದು ಹೇಳಲು ಅಜ್ಜನಿಗೆ ನಾಚಿಕೆ. "ಕೂತರೂ ಅವನಿಗೆ ಕೇಳಿಸುತ್ತೆ" ಎಂದುಬಿಟ್ಟರು. ಅಷ್ಟೇ. ಮುಂದಿನ ವಾರ ಅಜ್ಜನ ಪರವಾಗಿ ನಾಲ್ಕು ಜನ ಕೂತರು, ಅವರ ಮೊಣಕಾಲು ಗಟ್ಟಿಯಾಗೇ ಇತ್ತು. ಅವರನ್ನು ಹೊರಗೆ ಹಾಕಿದರು. ವರ್ಷ ಕಳೆಯುವುದರೊಳಗೆ ಒಂಬತ್ತು ಮನೆ ಬೇರೆಯಾಗಿ, ಒಂದು ಹಳೆಯ ಕೊಟ್ಟಿಗೆಯಲ್ಲಿ ಕೂತು ಪ್ರಾರ್ಥನೆ ಮಾಡತೊಡಗಿದವು. ಕಾಯ್ದೆಕ್ಕ ಹುಟ್ಟುವ ಹೊತ್ತಿಗೆ ಊರಿನಲ್ಲಿ ನಿಂತವರು, ಕೂತವರು ಎಂದು ಎರಡು ಪಂಗಡವಾಗಿ, ಹೆಣ್ಣು ಕೊಟ್ಟು ತರುವುದೂ ನಿಂತುಹೋಗಿತ್ತು. ಶಾಲೆಯಲ್ಲಿ ಅವಳನ್ನು ಕೂತವರ ಮನೆ ಹುಡುಗಿ ಎಂದೇ ಕರೆಯುತ್ತಿದ್ದರು. ಮೊಣಕಾಲಿನ ವಿಷಯ ಅಜ್ಜ ಸಾಯುವ ಮುಂಚೆ ಸೊಸೆಯ ಹತ್ತಿರ ಮಾತ್ರ ಬಾಯಿಬಿಟ್ಟಿದ್ದರು. ಸೊಸೆ ಅಂದರೆ ಕಾಯ್ದೆಕ್ಕನ ಅಮ್ಮ.

ಇದನ್ನೇ ಅವಳು ನಿಯಮ ಮಾಡಿದಳು. ಪ್ರತಿ ಊರಿನಲ್ಲಿ ಮೂರು ಕಾರ್ಡು ಬೋರಲಾಗಿ ಇರುತ್ತವೆ. ಪ್ರತಿ ಕಾರ್ಡಿನ ಮೇಲೆ ಒಂದು ಮರದ ಕಾಯಿ: ಕಲ್ಲುಕುಟಿಗ, ಗಿರಣಿಯವ, ನೇಯುವವ, ಕಮ್ಮಾರ, ಹೀಗೆ. ಕಾಯಿ ಅವರ ಕಸುಬು ಹೇಳುತ್ತದೆ, ಕೆಳಗಿನ ಕಾರ್ಡು ಅವರು ಮನೆಯೊಳಗೆ ಹೇಗೆ ಬಾಳುತ್ತಾರೆ ಅನ್ನುವುದನ್ನು. ಒಟ್ಟು ತೊಂಬತ್ತಾರು ಕಾರ್ಡು. ಎಂಬತ್ತನಾಲ್ಕರಲ್ಲಿ "ಎಲ್ಲರಂತೆ" ಎಂದಿರುತ್ತದೆ. ಹನ್ನೆರಡರಲ್ಲಿ ಮಾತ್ರ ಒಂದೊಂದು ಸಣ್ಣ ಬೇರೆ ನಡೆ: ಇವರು ಕೂತು ಪ್ರಾರ್ಥಿಸುತ್ತಾರೆ, ಇವರು ದೀಪ ಹಚ್ಚುವುದಿಲ್ಲ, ಇವರ ಹೆಂಗಸರೂ ಮಂತ್ರ ಹೇಳುತ್ತಾರೆ. ಅರಸನಾದವನು ಯಾವ ಕಾರ್ಡನ್ನಾದರೂ ತಿರುಗಿಸಿ ವಿಚಾರಣೆ ಮಾಡಬಹುದು. ಏನೂ ಇಲ್ಲದವರ ಮನೆ ಹೊಕ್ಕರೆ ಜನರ ವಿಶ್ವಾಸ ಹೋಗುತ್ತದೆ. ಬೇರೆ ನಡೆ ಕಂಡರೆ ಎರಡು ದಾರಿ. ಕಂಡೂ ಕಾಣದಂತೆ ಬಿಟ್ಟರೆ ಅದು ಹೆಚ್ಚಾಗಿ ತಾನೇ ತಣ್ಣಗಾಗುತ್ತದೆ. ಇದು ಧರ್ಮದ್ರೋಹ ಎಂದು ಸಾರಿದರೆ ನಾಲ್ಕೂ ಅರಸರ ಮೇಲಿರುವ ಮಹಾಗುರುವಿನಿಂದ ಪುಣ್ಯದ ಅಂಕ ಸಿಗುತ್ತದೆ. ಆದರೆ ಸಾರಿದ ಗಳಿಗೆಯಿಂದ ಅದು ನಿಜವಾಗಿಯೂ ಒಂದು ಮತವಾಗಿ, ಆ ಕಸುಬಿನವರು ತಮ್ಮ ಕಾಯಿಯ ಸಮೇತ ಪಕ್ಕದ ಅರಸನ ಊರಿಗೆ ಹೊರಟುಹೋಗುತ್ತಾರೆ. ಕಾರ್ಖಾನೆಯ ಕಡತದಲ್ಲಿ ಇದಕ್ಕೆ ಅವಳಿಟ್ಟ ಹೆಸರು ಮೊಣಕಾಲಿನ ನಿಯಮ. ಯಾಕೆ ಹಾಗೆ ಎಂದು ಯಾರು ಕೇಳಿದರೂ ನಕ್ಕು ಮಾತು ಬದಲಿಸುತ್ತಿದ್ದಳು.

ಕಾಗದದ ಮೇಲೆ ಚೆನ್ನಾಗಿತ್ತು. ಮೇಜಿನ ಮೇಲೆ ನೆಲಕಚ್ಚಿತು. ಆರು ಮೂಕ ಪರೀಕ್ಷೆಗಳಲ್ಲೂ ಮೂರನೇ ಸುತ್ತು ಮುಗಿಯುವಷ್ಟರಲ್ಲಿ ಆಟಗಾರರು ಹನ್ನೆರಡಕ್ಕೆ ಹನ್ನೆರಡನ್ನೂ ಹುಡುಕಿ ಓಡಿಸಿಬಿಡುತ್ತಿದ್ದರು. ತಪ್ಪು ಮನೆಯನ್ನು ಹೊಕ್ಕಿದ್ದು ಎಲ್ಲೋ ಒಂದೆರಡು ಸಲ. ಅಂಜಿಕೆಯಿಲ್ಲ, ಅನುಮಾನವಿಲ್ಲ, ಗುಡಿಸಿ ಕಸ ಹೊರಗೆ ಹಾಕಿದಂತೆ. ಕಾಯ್ದೆಕ್ಕ ಪುಣ್ಯದ ಅಂಕವನ್ನು ಹತ್ತರಿಂದ ಆರಕ್ಕೆ, ಆರರಿಂದ ನಾಲ್ಕಕ್ಕೆ ಇಳಿಸಿದಳು. ತಪ್ಪು ವಿಚಾರಣೆಯ ದಂಡವನ್ನು ಎರಡು ಪಟ್ಟು ಮಾಡಿದಳು. ಏನೂ ಬದಲಾಗಲಿಲ್ಲ.

ಸೋಮವಾರ ಯಜಮಾನರು ಅವಳನ್ನು ಕರೆದರು. ಅವರು ಮಾತನಾಡುವಾಗ ಮೂರು ನಿಮಿಷದ ಮರಳು ಗಡಿಯಾರವನ್ನು ಬೆರಳಲ್ಲಿ ಉರುಳಿಸುತ್ತ ಇರುವವರು.

"ನೋಡಮ್ಮ, ಪರೀಕ್ಷೆಯಲ್ಲಿ ಎಲ್ಲರೂ ಫಸ್ಟ್ ಕ್ಲಾಸ್ ಅಂದ್ರೆ ತಪ್ಪು ಹುಡುಗರದ್ದಲ್ಲ, ಪ್ರಶ್ನೆಪತ್ರಿಕೆದು. ಶುಕ್ರವಾರ ಏಳನೇ ಸಲ ಆಡಿಸ್ತೀನಿ. ಆಗಲೂ ಮೂರು ಸುತ್ತಿಗೆ ಎಲ್ಲ ಗುಡಿಸಿ ಹಾಕಿದ್ರೆ ನಿಮ್ಮ ಮೊಣಕಾಲು ತೆಗೆದು ಕೆಂಪು ಬಿಲ್ಲೆ ಹಾಕೋದೇ. ಮುಂದಿನ ವಾರ ಅಚ್ಚಿಗೆ ಹೋಗಲೇಬೇಕು."

"ಸರಿ ಮಾಡ್ತೀನಿ ಸಾರ್."

"ಆರು ಸಲ ಇದನ್ನೇ ಹೇಳಿದ್ರಿ."

"ಏಳನೇ ಸಲಾನೂ ಇದನ್ನೇ ಹೇಳ್ತೀನಿ ಸಾರ್. ಸರಿ ಮಾಡ್ತೀನಿ."

ಹೊರಗೆ ಬಂದಾಗ ಚಿತ್ರದವನು ಕೆಂಪು ಬಿಲ್ಲೆಯ ನಕ್ಷೆಗೆ ಆಗಲೇ ಬಣ್ಣ ತುಂಬುತ್ತಿದ್ದ. "ಬೇಜಾರು ಮಾಡ್ಕೋಬೇಡಿ ಕಾಯ್ದೆಕ್ಕ, ಹೇಳಿದ್ದು ಅವರು," ಎಂದ.

"ಬಣ್ಣ ಚೆನ್ನಾಗಿದೆ. ಒಣಗೋಕೆ ಬಿಡು. ಬೇಕಾಗಲ್ಲ," ಎಂದು ಅವಳು ತನ್ನ ಮೇಜಿಗೆ ಹೋದಳು.

ಎರಡು ದಿನ ಅವಳು ಹಳೆಯ ಪರೀಕ್ಷೆಗಳ ಟಿಪ್ಪಣಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಆಟಗಾರರು ಆಡಿದ ಮಾತನ್ನೆಲ್ಲ ಅಕ್ಷರಶಃ ಬರೆದುಕೊಳ್ಳುವುದು ಅವಳ ಅಭ್ಯಾಸ. ಒಂದು ಮಾತು ಮತ್ತೆ ಮತ್ತೆ ಬಂದಿತ್ತು. ಬೇರೆ ಬೇರೆ ಜನ, ಬೇರೆ ಬೇರೆ ದಿನ, ಒಂದೇ ಮಾತು: "ಯಾಕೋ ಇವರ ಮೇಲೆ ಅನುಮಾನ ಬಂತು." ಒಂಬತ್ತು ಸಲ. ಯಾಕೆ ಬಂತು ಎಂದು ಒಬ್ಬರೂ ಹೇಳಿರಲಿಲ್ಲ. ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಬುಧವಾರ ಸಂಜೆ ಅವಳು ಇಡೀ ಆಟವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದು, ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಅಮ್ಮ ಕನ್ನಡಕ ಒರೆಸಿಕೊಳ್ಳುತ್ತ ಬಂದು ಎದುರಿಗೆ ಕೂತರು. ಅವರು ಮೂವತ್ತು ವರ್ಷ ನೂಲಿಗೆ ಬಣ್ಣ ಹಾಕುವ ಶೆಡ್ಡಿನಲ್ಲಿ ದುಡಿದವರು. ಉಗುರಿನ ಬುಡದಲ್ಲಿ ಇನ್ನೂ ನೀಲಿ ಉಳಿದಿತ್ತು.

"ನನಗೆ ಅರಸ ಆಗೋಕೆಲ್ಲ ಬರಲ್ಲ ಕಣೆ."

"ಬರೋ ಅರಸರೇ ಬೇಡಮ್ಮ, ಬರದೆ ಇರೋರೇ ಬೇಕು. ಈ ಕಾರ್ಡುಗಳಲ್ಲಿ ಯಾರ ಮನೇಲಿ ಬೇರೆ ನಡೆ ಇದೆ ಅಂತ ಹುಡುಕು. ಅಷ್ಟೇ."

ಅಮ್ಮ ಕೈ ಚಾಚಿ ಒಂದು ಕಾರ್ಡು ತಿರುಗಿಸಿದರು. ಇವರು ದೀಪ ಹಚ್ಚುವುದಿಲ್ಲ. ಇನ್ನೊಂದು. ಇವರು ಕೂತು ಪ್ರಾರ್ಥಿಸುತ್ತಾರೆ. ಇನ್ನೊಂದು, ಮತ್ತೊಂದು. ಅವರೆಕಾಳಿನಲ್ಲಿ ಹುಳುಕು ಆರಿಸುವಂತೆ, ತಡವರಿಸದೆ, ಹನ್ನೆರಡನ್ನೂ ಎತ್ತಿ ಪಕ್ಕಕ್ಕಿಟ್ಟರು. ಒಂದೂ ತಪ್ಪಲಿಲ್ಲ.

ಕಾಯ್ದೆಕ್ಕ ಮೇಜಿನ ಮೇಲೆ ಬಾಗಿದಳು. "ಅಮ್ಮ, ಹೇಗೆ ಗೊತ್ತಾಯ್ತು?"

"ಬೆನ್ನು ನೋಡಿದೆ. ಇವು ಬೇರೆ ತೊಟ್ಟಿಯ ಬಣ್ಣ."

"ಎಲ್ಲ ಒಂದೇ ಕಂದು ಅಲ್ವಾ?"

"ಒಂದೇನಾ?" ಅಮ್ಮ ಎರಡು ಕಾರ್ಡುಗಳ ಬೆನ್ನನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದರಲ್ಲಿ ಕೆಂಪು ಒಂದು ಎಳೆ ಜಾಸ್ತಿ. ಶೆಡ್ಡಲ್ಲಿ ನಾನು ಹೀಗೆ ಬೆರೆಸಿದ್ರೆ ಮೇಸ್ತ್ರಿ ನೂಲನ್ನ ಮುಖಕ್ಕೇ ಎಸೀತಿದ್ದ."

ದಿಟ್ಟಿಸಿ ನೋಡಿದರೆ ಹೌದು. ದಿಟ್ಟಿಸದೆ ನೋಡಿದರೆ ಇನ್ನೂ ಹೌದು: ಕಣ್ಣು ತಾನಾಗಿ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಎಂಬತ್ತನಾಲ್ಕು ಕಾರ್ಡು ಪರೀಕ್ಷೆಗೆಂದು ಮೊದಲೇ ಅಚ್ಚಾಗಿದ್ದವು. ಹನ್ನೆರಡನ್ನು ಅವಳೇ ಆಮೇಲೆ ಹಟ ಹಿಡಿದು ಬೇರೆ ಹಾಳೆಯಲ್ಲಿ ಅಚ್ಚು ಹಾಕಿಸಿದ್ದಳು. ಅಷ್ಟು ತಿಂಗಳಿಂದ ಅವಳು ಆ ಕಾರ್ಡುಗಳ ಮುಖವನ್ನೇ ಓದುತ್ತಿದ್ದಳು, ತಿದ್ದುತ್ತಿದ್ದಳು. ಪರೀಕ್ಷೆಯ ದಿನ ದೂರದ ಮೂಲೆಯಲ್ಲಿ ಕೂರುತ್ತಿದ್ದಳು. ಬೆನ್ನನ್ನು ಹತ್ತಿರದಿಂದ ನೋಡುವುದು ಆಟಗಾರರ ಪಾಲಿನದು, ಕಟ್ಟಿದವಳ ಪಾಲಿನದಲ್ಲ. ಆರು ಪರೀಕ್ಷೆಗಳ ಇಪ್ಪತ್ತನಾಲ್ಕು ಜನ, ಒಬ್ಬರಿಗೂ ತಾವು ಬಣ್ಣ ನೋಡುತ್ತಿದ್ದೇವೆ ಎಂದು ತಿಳಿಯದೆ, ಯಾಕೋ ಅನುಮಾನ ಬಂತು ಎಂದು ಎತ್ತಿ ಎತ್ತಿ ಹೊರಗೆ ಹಾಕಿದ್ದರು. ನಂಬಿಕೆಯನ್ನು ಯಾರೂ ವಿಚಾರಿಸಿರಲೇ ಇಲ್ಲ.

ಅವಳಿಗೆ ನಗು ಬಂತು. "ನನ್ನದೇ ತಪ್ಪು," ಎಂದಳು.

"ತಪ್ಪು ಸಿಕ್ಕಿತಲ್ಲ. ಊಟ ಮಾಡು," ಎಂದರು ಅಮ್ಮ.

ಗುರುವಾರ ಬೆಳಿಗ್ಗೆ ಯಜಮಾನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಎರಡು ಕಾರ್ಡು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು. "ಅಚ್ಚುಮನೆ ಮುಂದಿನ ವಾರದವರೆಗೆ ಖಾಲಿ ಇಲ್ಲ. ನಾಲ್ಕು ಜನ ನಾಳೆ ರಜೆ ಹಾಕಿ ಬರ್ತಿದಾರೆ. ಶುಕ್ರವಾರ ಅಂದ್ರೆ ಶುಕ್ರವಾರವೇ."

"ಹೊಸದಾಗಿ ಅಚ್ಚು ಹಾಕೋದು ಬೇಡ ಸಾರ್. ನನಗೆ ಇವತ್ತು ಒಂದು ದಿನ ರಜೆ ಕೊಡಿ."

ಬಸ್ಸಿಳಿದು, ಮೂಲೆಯ ಅಂಗಡಿಯಿಂದ ಕಂದು ಬಣ್ಣದ ದಪ್ಪ ಸುತ್ತುಕಾಗದದ ಉರುಳೆ ತಂದು ಮನೆ ಸೇರಿದಳು. ಉರುಳೆಯ ಎರಡೂ ತುದಿಯಿಂದ ಕತ್ತರಿಸಲು ಹೊರಟವಳ ಕೈ ಹಿಡಿದು ಅಮ್ಮ ತಡೆದರು. ಅಂಗಡಿಯ ಬಿಸಿಲಿಗೆ ಹೊರಗಿನ ಸುತ್ತು ಮಾಸಿರುತ್ತದೆ, ಒಳಗಿನದು ಮಾಸಿರುವುದಿಲ್ಲ. ಆದ್ದರಿಂದ ನಡುವಿನ ಒಂದೇ ತುಂಡು, ಅದೂ ಒಂದೇ ದಿಕ್ಕಿಗೆ. ತೊಂಬತ್ತಾರು ಚೌಕ. ಅಮ್ಮ ಕತ್ತರಿಸಿದರು, ಮಗಳು ಗೋಂದು ಹಚ್ಚಿ ಕಾರ್ಡುಗಳ ಬೆನ್ನಿಗೆ ಅಂಟಿಸಿದಳು. ಅಂಟಿಸಿದ ಕಾರ್ಡುಗಳ ಮೇಲೆ ಕಾಲೇಜಿನ ಇತಿಹಾಸದ ದಪ್ಪ ಪುಸ್ತಕಗಳನ್ನು ಹೇರಿದಳು.

"ಅಂತೂ ಈ ಪುಸ್ತಕ ಕೆಲಸಕ್ಕೆ ಬಂತು," ಎಂದರು ಅಮ್ಮ.

ಮಧ್ಯಾಹ್ನ ಬಾಗಿಲಲ್ಲಿ ಚಿತ್ರದವನು ನಿಂತಿದ್ದ. ಕಾರ್ಖಾನೆಯಲ್ಲಿ ಕಾಗದದ ಅಂಚು ಒಪ್ಪಮಾಡುವ ಚಾಕು ಹಿಡಿದು ಬಂದಿದ್ದ. "ಕೆಂಪು ಬಿಲ್ಲೆ ಒಣಗ್ತಿದೆ. ಅದು ಒಣಗೋವರೆಗೆ ನನಗೇನು ಕೆಲಸ," ಎಂದು ಕೇಳದೆಯೇ ಮೇಜಿನ ತುದಿಯಲ್ಲಿ ಕೂತು ಮೂಲೆಗಳನ್ನು ದುಂಡಗೆ ಕತ್ತರಿಸತೊಡಗಿದ. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಕಾರ್ಡುಗಳು ರಟ್ಟಿನಷ್ಟು ದಪ್ಪವಾಗಿದ್ದವು. ಅಮ್ಮ ಎಲ್ಲವನ್ನೂ ಬೋರಲು ಹರಡಿ, ಕನ್ನಡಕ ಹಾಕಿ, ತೆಗೆದು, ದೂರದಿಂದ, ಹತ್ತಿರದಿಂದ ನೋಡಿದರು. ಒಂದು ಕಾರ್ಡು ಎತ್ತಿದರು. ಎಲ್ಲರಂತೆ. ಇನ್ನೊಂದು. ಎಲ್ಲರಂತೆ. ಇನ್ನೊಂದು ಎತ್ತಲು ಹೋಗಿ ಕೈ ಹಿಂದೆಗೆದರು.

"ಇಲ್ಲ ಕಣೆ. ಈಗ ಹೇಳೋಕಾಗಲ್ಲ."

ಆ ಮಾತು ಕೇಳಿ ಕಾಯ್ದೆಕ್ಕನಿಗೆ ಆದ ಸಮಾಧಾನ ಕಾಲೇಜಿನ ಪರೀಕ್ಷೆ ಪಾಸಾದ ದಿನವೂ ಆಗಿರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ನಾಲ್ವರು ಬಂದರು. ಒಬ್ಬ ಬಸ್ ಡ್ರೈವರ್, ಒಬ್ಬರು ನಿವೃತ್ತ ಟೀಚರು, ಔಷಧಿ ಅಂಗಡಿಯ ಹುಡುಗಿ, ಮತ್ತೊಬ್ಬ ಕ್ಷೌರದಂಗಡಿಯವನು. ಕಾಯ್ದೆಕ್ಕ ಮೂಲೆಯ ಕುರ್ಚಿಯಲ್ಲಿ ಕೂತು ಕಲ್ಲುಕುಟಿಗನನ್ನು ಬಾಯಿಗಿಟ್ಟುಕೊಂಡಳು. ಯಜಮಾನರು ಕಿಟಕಿಯ ಬಳಿ ಮರಳು ಗಡಿಯಾರ ಹಿಡಿದು ನಿಂತರು. ಅದೂ ಪದ್ಧತಿಯೇ. ನಿಯಮ ತಿಳಿಯದೆ ಆಟ ನಿಂತರೆ ಅವರು ಗಡಿಯಾರ ತಿರುಗಿಸುತ್ತಾರೆ. ಮರಳು ಮುಗಿಯುವವರೆಗೂ ಆಟ ಮುಂದೆ ಹೋಗದಿದ್ದರೆ ಆ ನಿಯಮ ಬಿದ್ದಂತೆ.

ಮೊದಲ ಸುತ್ತಿನಲ್ಲೇ ಡ್ರೈವರು ಕುಂಬಾರರ ಕಾರ್ಡು ತಿರುಗಿಸಿದ. ಎಲ್ಲರಂತೆ. ವಿಶ್ವಾಸದ ಅಂಕ ನಾಲ್ಕು ಹೋಯಿತು.

"ಸುಮ್ಮನೆ ಇದ್ದವರ ಮನೆ ಬಾಗಿಲು ಬಡಿದೆಯಲ್ಲಪ್ಪ," ಎಂದರು ಟೀಚರು.

"ಟಿಕೆಟ್ ಇಲ್ಲದವನನ್ನ ಮುಖ ನೋಡಿ ಹಿಡೀತೀನಿ ನಾನು. ಇಲ್ಲಿ ಮುಖಾನೇ ಕಾಣಲ್ಲ."

ಎರಡನೇ ಸುತ್ತಿನಲ್ಲಿ ಯಾರೂ ವಿಚಾರಣೆಗೆ ಕೈ ಹಾಕಲಿಲ್ಲ. ಮೂರನೆಯದರಲ್ಲಿ ಟೀಚರು ಬಹಳ ಹೊತ್ತು ಯೋಚಿಸಿ ಕಲ್ಲುಕುಟಿಗರ ಕಾರ್ಡು ಎತ್ತಿದರು. ಇವರು ಕೂತು ಪ್ರಾರ್ಥಿಸುತ್ತಾರೆ.

"ಕೂತರೆ ನಿಮಗೇನು ಕಷ್ಟ ಟೀಚರ್?" ಎಂದ ಕ್ಷೌರದಂಗಡಿಯವನು. "ಇಡೀ ದಿನ ನಿಂತು ಕೆಲಸ ಮಾಡೋನಿಗೆ ಕೇಳಿ."

"ನನಗೇನೂ ಕಷ್ಟ ಇಲ್ಲ. ನಾಲ್ಕು ಪುಣ್ಯ ಬರುತ್ತಲ್ಲ." ಟೀಚರು ಸಾರಿದರು. ಕಲ್ಲುಕುಟಿಗರ ಕಾಯಿ ಗಡಿ ದಾಟಿ ಡ್ರೈವರನ ಊರಿಗೆ ಹೋಯಿತು. ಮೂರು ಸುತ್ತು ಮುಗಿದಾಗ ಹನ್ನೆರಡರಲ್ಲಿ ಹನ್ನೊಂದು ಇನ್ನೂ ಬೋರಲಾಗಿಯೇ ಇದ್ದವು. ಕಾಯ್ದೆಕ್ಕ ಯಜಮಾನರ ಕಡೆ ನೋಡಿದಳು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಐದನೇ ಸುತ್ತಿನಲ್ಲಿ ಟೀಚರ ಕೋಟೆಯ ಗೋಡೆ ಬಿತ್ತು. ಗೋಡೆ ಕಟ್ಟಲು ಕಲ್ಲುಕುಟಿಗರು ಬೇಕು. ಇದ್ದದ್ದು ಆ ಒಂದೇ ಕಾಯಿ, ಅದೂ ಈಗ ಡ್ರೈವರನ ಹತ್ತಿರ. ಟೀಚರು ನಿಯಮಪುಸ್ತಕ ತೆರೆದರು. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಹಾಳೆ ತಿರುವಿದರು.

"ಹೋದವರನ್ನ ವಾಪಸ್ ಕರೆಯೋದು ಹೇಗೆ ಅಂತ ಇದರಲ್ಲಿ ಇಲ್ಲವಲ್ಲ."

ಕಾಯ್ದೆಕ್ಕ ಕುರ್ಚಿಯ ಅಂಚಿಗೆ ಸರಿದಳು. ಇರಲಿಲ್ಲ. ಓಡಿಸುವುದಕ್ಕೆ ಮೂರು ಪುಟ ಬರೆದಿದ್ದಳು, ಮರಳಿ ಕರೆಯಬೇಕಾದೀತು ಅನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ. ಹೋದವರು ವಾಪಸ್ ಬಂದದ್ದನ್ನು ಅವಳು ಕಂಡಿರಲಿಲ್ಲ.

"ಏನಮ್ಮ, ನೀವೇ ಹೇಳಿ," ಎಂದು ಟೀಚರು ಮೂಲೆಯ ಕಡೆ ತಿರುಗಿದರು. ಅವಳು ಕಾಯಿಯನ್ನು ಇನ್ನೂ ಗಟ್ಟಿಯಾಗಿ ಕಚ್ಚಿದಳು. ಯಜಮಾನರು ಮರಳು ಗಡಿಯಾರವನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟರು.

ಮರಳು ಇಳಿಯತೊಡಗಿತು. ಔಷಧಿ ಅಂಗಡಿಯವಳು ಪುಸ್ತಕ ಕಿತ್ತುಕೊಂಡು ತಾನೂ ಹುಡುಕಿದಳು. ಕ್ಷೌರದಂಗಡಿಯವನು ಹೋಗಲಿ ಬಿಡಿ ಎಂದ. ಅರ್ಧ ಮರಳು ಇಳಿದಿತ್ತು. ಬಾಯಿ ಬಿಟ್ಟು ಒಂದೇ ಒಂದು ಸಾಲು ಹೇಳಿದರೆ ಸಾಕಿತ್ತು. ಆದರೆ ಬಾಯಲ್ಲಿ ಹೇಳಿದ ನಿಯಮ ಆಟದ ಪೆಟ್ಟಿಗೆಯೊಳಗೆ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಕುರ್ಚಿಯ ಕೈಯನ್ನು ಹಿಡಿದು ಕೂತಳು. ಕದಲಲಿಲ್ಲ.

ಡ್ರೈವರು ಕಲ್ಲುಕುಟಿಗರ ಕಾಯಿಯನ್ನು ಬೆರಳಲ್ಲಿ ಎತ್ತಿಕೊಂಡು ತಿರುಗಿಸಿ ನೋಡಿದ. "ಕಳಿಸಲ್ಲ ಅಂತ ಎಲ್ಲಿ ಬರೆದಿದೆ ಟೀಚರ್? ಕಳಿಸ್ತೀನಿ. ಆದರೆ ಅವರನ್ನ ಅಲ್ಲಿ ಏನಂತ ಕರೀತೀರಿ?"

"ಏನಂತ ಕರೀಲಿ? ಕಲ್ಲುಕುಟಿಗರು ಅಂತ."

"ಧರ್ಮದ್ರೋಹಿಗಳು ಅಂತ ಸಾರಿದ್ರಲ್ಲ."

ಟೀಚರು ತಮ್ಮ ಮುಂದಿದ್ದ ನಾಲ್ಕು ಪುಣ್ಯದ ಬಿಲ್ಲೆಗಳನ್ನು ನೋಡಿದರು. "ಇವನ್ನ ಮಹಾಗುರುಗೆ ವಾಪಸ್ ಕೊಡ್ತೀನಿ. ನಾನು ಸಾರಿದ್ದು ತಪ್ಪು ಅಂತ ಎಲ್ಲರೆದುರು ಹೇಳ್ತೀನಿ. ಸಾಕಾ?"

"ಕೂತೇ ಪ್ರಾರ್ಥನೆ ಮಾಡ್ತಾರೆ, ನೋಡಿ ಮತ್ತೆ."

"ಮಾಡಲಿ. ನನ್ನ ಗೋಡೆ ನಿಂತರೆ ಸಾಕು."

ಎಲ್ಲರೂ ನಕ್ಕರು. ಡ್ರೈವರು ಕಾಯಿಯನ್ನು ಗಡಿಯಾಚೆ ದಾಟಿಸಿದ. ಆಟ ಮುಂದೆ ಹೋಯಿತು. ಗಡಿಯಾರದಲ್ಲಿ ಇನ್ನೂ ಒಂದು ಚಿಟಿಕೆ ಮರಳು ಉಳಿದಿತ್ತು. ಯಜಮಾನರು ಅದನ್ನು ಅಡ್ಡ ಮಲಗಿಸಿದರು.

ಆಟ ಒಂಬತ್ತು ಸುತ್ತು ನಡೆದು ಔಷಧಿ ಅಂಗಡಿಯವಳು ಗೆದ್ದಳು. ಕೊನೆಗೂ ಹನ್ನೆರಡರಲ್ಲಿ ಐದು ಕಾರ್ಡು ಯಾರ ಕೈಗೂ ಸಿಗದೆ ಬೋರಲಾಗಿಯೇ ಉಳಿದವು. ನಾಲ್ವರೂ ಮೆಟ್ಟಿಲಿಳಿಯುತ್ತ ಇನ್ನೂ ವಾದ ಮಾಡುತ್ತಿದ್ದರು. ಕ್ಷೌರದಂಗಡಿಯವನ ದನಿ ಬೀದಿಯವರೆಗೂ ಕೇಳಿಸುತ್ತಿತ್ತು: ಮೊದಲೇ ಹೇಳಿದ್ದೆ, ಕೂತರೆ ಯಾರಿಗೇನು ಕಷ್ಟ ಅಂತ.

ಕಾಯ್ದೆಕ್ಕ ಬಾಯಿಂದ ಕಾಯಿ ತೆಗೆದಾಗ ಅದು ಎರಡು ತುಂಡಾಗಿ ಕೈಗೆ ಬಂತು.

"ನಿಯಮ ಬಿದ್ದ ಹಾಗೇ ಇತ್ತು," ಎಂದರು ಯಜಮಾನರು. "ಅವರೇ ಎತ್ತಿ ನಿಲ್ಲಿಸಿದರು. ಆಡುವವರು ತಾವೇ ಎತ್ತಿ ನಿಲ್ಲಿಸೋಷ್ಟು ಬೇಕು ಅನ್ನಿಸಿದ ನಿಯಮವನ್ನ ನಾನು ಇದುವರೆಗೆ ನೋಡಿಲ್ಲ. ವಾಪಸ್ ಕರೆಯೋದನ್ನ ಸೋಮವಾರದೊಳಗೆ ಬರೆದುಕೊಡಿ. ತೊಂಬತ್ತಾರು ಕಾರ್ಡೂ ಒಂದೇ ಹಾಳೆಯಲ್ಲಿ ಅಚ್ಚಾಗಲಿ."

"ಒಂದೇ ಬಣ್ಣದಲ್ಲಿ ಸಾರ್. ಅಚ್ಚಿನ ದಿನ ನಮ್ಮಮ್ಮನ್ನ ಕರ್ಕೊಂಡು ಬರ್ತೀನಿ, ನೋಡೋಕೆ."

ಸಂಜೆ ಮನೆಯಲ್ಲಿ ಅಮ್ಮ ಅಕ್ಕಿ ಆರಿಸುತ್ತಿದ್ದರು. ಮಗಳು ನಡೆದದ್ದನ್ನೆಲ್ಲ ಹೇಳಿ, ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತಳು. ಸಾರಿದವರು ತಮ್ಮ ಪುಣ್ಯವನ್ನು ಮರಳಿಸಬೇಕು, ತಪ್ಪನ್ನು ಎಲ್ಲರೆದುರು ಒಪ್ಪಬೇಕು, ಅಷ್ಟು ಬರೆದು ನಿಲ್ಲಿಸಿದಳು.

"ಅಮ್ಮ, ಅಜ್ಜನನ್ನ ಯಾರಾದರೂ ವಾಪಸ್ ಕರೆದಿದ್ರೆ ಹೋಗ್ತಿದ್ರಾ? ಅಷ್ಟೆಲ್ಲ ಆದಮೇಲೆ?"

ಅಮ್ಮ ಮೊರದ ಅಕ್ಕಿಯನ್ನು ಒಂದು ಸಲ ಕೇರಿದರು.

"ತಪ್ಪಾಯ್ತು ಅಂತ ಯಾರೂ ಹೇಳಬೇಕಾಗಿರಲಿಲ್ಲ ಕಣೆ. ಅಲ್ಲಿ ಒಂದು ಕುರ್ಚಿ ಹಾಕಿದ್ರೆ ಹೋಗ್ತಿದ್ರು."

ಕಾಯ್ದೆಕ್ಕ ಪೆನ್ನು ಎತ್ತಿಕೊಂಡಳು. ಎಲ್ಲರೆದುರು ಒಪ್ಪಬೇಕು ಅನ್ನುವ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದಳು. ಅದರ ಕೆಳಗೆ ಬರೆದಳು: ಮರಳಿ ಕರೆಯುವ ಅರಸನು ಅವರ ನಡೆಗೆ ತನ್ನ ಊರಿನಲ್ಲಿ ಒಂದು ಜಾಗ ಬಿಡತಕ್ಕದ್ದು. ಜಾಗ ಬಿಟ್ಟ ಸುತ್ತಿನಲ್ಲೇ ಅವರು ಬರುತ್ತಾರೆ.